ಮಾನಪಾನ

ಚಿಕ್ಕೋಡಿ, ನಿಪ್ಪಾಣಿ ಕಡೆಯ ಮದುವೆ ಮಾತುಕತೆ ಮುಗಿಯುವ ಹೊತ್ತಿಗೆ ಹಿರಿಯರೊಬ್ಬರು ಕೇಳಿಯೇ ಕೇಳುತ್ತಾರೆ: ‘ಮಾನಪಾನದ್ದು ಹೆಂಗರೀ?’ ಬೀಗರಿಗೆ ಎಂಥ ಬಟ್ಟೆ, ಸೋದರಮಾವನಿಗೆ ಯಾವ ರುಮಾಲು, ಆಯೇರ ಮೊದಲು ಯಾರಿಗೆ, ಎಲ್ಲವೂ ಆ ಒಂದು ಮಾತಿನಲ್ಲಿ ಅಡಗಿದೆ. ಮರಾಠಿಯಿಂದ ಬಂದ ಈ ಪದವನ್ನು ಗಡಿಯ ಕನ್ನಡ ಪೂರಾ ತನ್ನದಾಗಿಸಿಕೊಂಡಿದೆ. ಜಾತ್ರೆಗೆ ಹೋದರೆ ಅದರ ಒಡಹುಟ್ಟು ಸಿಗುತ್ತದೆ: ಮಾನಕರಿ. ಪಲ್ಲಕ್ಕಿಗೆ ಮೊದಲು ಹೆಗಲು ಕೊಡುವ, ಮೊದಲ ಕಾಯಿ ಒಡೆಸುವ ಹಕ್ಕು ತಲೆಮಾರಿನಿಂದ ನಡೆದು ಬಂದ ಮನೆಯವರು. ‘ಇದು ನಮ್ಮ ಮನೀ ಮಾನ’ ಎನ್ನುವಾಗ ಮಾನವೆಂಬುದು ಮನಸ್ಸಿನ ಭಾವನೆಯಲ್ಲ. ಹೊಲದ ಹಾಗೆ ಅಪ್ಪನಿಂದ ಮಗನಿಗೆ ಬರುವ, ಅಣ್ಣತಮ್ಮಂದಿರು ಪಾಳಿಯಲ್ಲಿ ಹಂಚಿಕೊಳ್ಳುವ, ಬೇಕಾದರೆ ಕೋರ್ಟಿಗೂ ಒಯ್ಯುವ ಆಸ್ತಿ.

ಸಂಸ್ಕೃತದಲ್ಲಿ ಮಾನಗಳು ಎರಡು. ಅಳತೆಯ ಮಾನ ‘ಮಾ’ ಧಾತುವಿನದು, ಗೌರವದ ಮಾನ ‘ಮನ್’ ಧಾತುವಿನದು. ಹವಾಮಾನ, ತಾಪಮಾನ ಮೊದಲನೆಯದರ ಮಕ್ಕಳು. ಸನ್ಮಾನ, ಅಪಮಾನ ಎರಡನೆಯದರವು. ಬಳಕೆಯಲ್ಲಿ ಎರಡೂ ಬೆರೆತುಹೋಗಿವೆ. ನಾವು ಮಾನವನ್ನು ಅಳೆಯುತ್ತಲೇ ಇರುತ್ತೇವೆ, ಅಳತೆಗೋಲು ಮಾತ್ರ ಯಾವಾಗಲೂ ಮಂದಿಯ ಕೈಯಲ್ಲಿ. ‘ನಾಕ ಮಂದ್ಯಾಗ ಮಾನ ಹ್ವಾತು’ ಎನ್ನುತ್ತೇವೆಯೇ ಹೊರತು, ಯಾರೂ ಕಾಣದಲ್ಲಿ ಮಾನ ಹೋಯಿತೆಂದು ಹೇಳುವವರನ್ನು ನಾನು ಕಂಡಿಲ್ಲ.

ಭಗವದ್ಗೀತೆ ಈ ಪದವನ್ನು ಮತ್ತೆ ಮತ್ತೆ ಎತ್ತುತ್ತದೆ. ಆರು, ಹನ್ನೆರಡು, ಹದಿನಾಲ್ಕನೇ ಅಧ್ಯಾಯಗಳು ಮಾನ-ಅಪಮಾನಗಳನ್ನು ಸಮವಾಗಿ ಕಾಣು ಎನ್ನುತ್ತವೆ. ಹದಿಮೂರನೆಯದು ಜ್ಞಾನದ ಲಕ್ಷಣಗಳನ್ನು ಎಣಿಸುವಾಗ ಮಾನದ ಹಂಬಲ ಇಲ್ಲದಿರುವುದನ್ನೇ ಮೊದಲು ಇಡುತ್ತದೆ. ಆದರೆ ಎರಡನೇ ಅಧ್ಯಾಯದಲ್ಲಿ ಅದೇ ಕೃಷ್ಣ ಅರ್ಜುನನನ್ನು ಚುಚ್ಚುತ್ತಾನೆ: ಹೆದರಿ ಓಡಿದ ಎಂದಾರು, ಆಡಬಾರದ್ದನ್ನು ಆಡಿಯಾರು, ಮರ್ಯಾದಸ್ಥನಿಗೆ ಅಪಕೀರ್ತಿ ಸಾವಿಗಿಂತ ಕೆಟ್ಟದ್ದು. ಇದು ವಿರೋಧವಲ್ಲವೇ ಎಂದು ಕೇಳುವವರಿದ್ದಾರೆ, ಮತ್ತು ಕೇಳಬೇಕಾದ ಪ್ರಶ್ನೆಯೇ ಅದು.

ಉತ್ತರಕ್ಕೆ ಗೀತೆಯನ್ನು ಬಿಟ್ಟು ಸ್ವಲ್ಪ ಹಿಂದಿನ ವಿರಾಟಪರ್ವಕ್ಕೆ ಹೋಗಬೇಕು. ಈ ಅರ್ಜುನ ಒಂದು ವರ್ಷ ಬೃಹನ್ನಳೆಯಾಗಿ ಬಳೆ ತೊಟ್ಟು, ಜಡೆ ಬಿಟ್ಟು, ಅರಮನೆಯ ಹುಡುಗಿಯರಿಗೆ ನಾಟ್ಯ ಕಲಿಸಿದವನು. ಓಡಿಹೋಗುತ್ತಿದ್ದ ಉತ್ತರಕುಮಾರನನ್ನು ಹಿಡಿಯಲು ಜಡೆ ಹಾರಿಸುತ್ತ ಓಡಿದಾಗ ಕೌರವರ ಸೈನಿಕರಲ್ಲಿ ಕೆಲವರು ನಕ್ಕರು. ನಮ್ಮ ಊರುಗಳಲ್ಲಿ ಗಂಡಸನ್ನು ಹೀಯಾಳಿಸಲು ಇವತ್ತಿಗೂ ‘ಕೈಗೆ ಬಳಿ ಹಾಕ್ಕೋ’ ಎನ್ನುತ್ತಾರೆ. ಆ ಬಳೆಯನ್ನು ಹಾಕಿಕೊಂಡೇ ಬದುಕಿದವನು ಅರ್ಜುನ. ಅಣ್ಣ ಕೊಟ್ಟ ಮಾತು ನಡೆಯಬೇಕಿತ್ತು, ಅದಕ್ಕಾಗಿ ನಗೆಯನ್ನು ನುಂಗಿದ. ಆಗ ಅವನ ಮಾನ ಹೋಗಲಿಲ್ಲ. ಕುರುಕ್ಷೇತ್ರದಲ್ಲಿ ಗಾಂಡೀವವನ್ನು ಕೆಳಗಿಟ್ಟಾಗ ಮಾತ್ರ ಕೃಷ್ಣ ಮಾನದ ಮಾತು ತೆಗೆಯುತ್ತಾನೆ. ಅದೂ ನಾಲ್ಕೇ ಶ್ಲೋಕ. 38ನೇ ಶ್ಲೋಕಕ್ಕೆ ಬರುವಷ್ಟರಲ್ಲಿ ಲಾಭ-ನಷ್ಟ, ಗೆಲುವು-ಸೋಲುಗಳನ್ನು ಸಮವಾಗಿ ಎಣಿಸು ಎಂದು ತಿರುಗಿಬಿಡುತ್ತಾನೆ. ಮಾನ ಹೋಗುವುದು ಕೆಲಸ ಬಿಟ್ಟವನದು, ನಗೆಗೆ ಗುರಿಯಾದವನದಲ್ಲ ಎಂದು ನಾನು ಓದಿಕೊಂಡಿದ್ದೇನೆ.

ಭಾಗವತದ ಹನ್ನೊಂದನೇ ಸ್ಕಂಧದಲ್ಲಿ ಒಬ್ಬ ಭಿಕ್ಷು ಬರುತ್ತಾನೆ. ಅವಂತಿಯ ಶ್ರೀಮಂತ ಜಿಪುಣ, ಎಲ್ಲ ಕಳೆದುಕೊಂಡು ಸನ್ಯಾಸಿಯಾದವನು. ಜನ ಅವನ ದಂಡ ಕಸಿಯುತ್ತಾರೆ, ಅನ್ನಕ್ಕೆ ಹೊಲಸು ಹಾಕುತ್ತಾರೆ. ನನ್ನ ದುಃಖಕ್ಕೆ ಇವರಲ್ಲ, ನನ್ನ ಮನಸ್ಸೇ ಕಾರಣ ಎನ್ನುತ್ತಾನೆ ಆತ. ಏಕನಾಥರು 1573ರಲ್ಲಿ ಮುಗಿಸಿದ ‘ಏಕನಾಥೀ ಭಾಗವತ’ ಈ ಸ್ಕಂಧದ ಮರಾಠಿ ವ್ಯಾಖ್ಯಾನವೇ ಆದ್ದರಿಂದ, ಪಂಢರಪುರದ ದಾರಿ ಹಿಡಿಯುವ ನಮ್ಮ ಕಡೆಯ ವಾರಕರಿಗಳಿಗೆ ಈ ಭಿಕ್ಷು ದೂರದವನಲ್ಲ.

ಇದೇ ನೆಲದ ಜೈನರಲ್ಲಿ ಮಾನಕ್ಕೆ ಇನ್ನೂ ಕಟ್ಟುನಿಟ್ಟಾದ ಅರ್ಥವಿದೆ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಲ್ಲಿ ಅದು ಎರಡನೆಯದು, ಕಳೆದುಕೊಳ್ಳಬೇಕಾದ ಕೊಳೆ. ಬಟ್ಟೆಯನ್ನು ನಾವು ‘ಮಾನ ಮುಚ್ಚೋದು’ ಎನ್ನುತ್ತೇವೆ. ಭೋಜದ ಶಾಂತಿಸಾಗರರು, ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ವಿದ್ಯಾಸಾಗರರು ಆ ಬಟ್ಟೆಯನ್ನೂ ಬಿಟ್ಟು ದೇಶವೆಲ್ಲ ನಡೆದರು. ಬೈಗುಳವನ್ನು ತಾಳುವುದು ಮುನಿಗಳು ಸಹಿಸಬೇಕಾದ ಇಪ್ಪತ್ತೆರಡು ಪರೀಷಹಗಳಲ್ಲಿ ಒಂದು. ಸತ್ಕಾರವನ್ನು ತಾಳುವುದೂ ಒಂದು!

ಇಲ್ಲಿಗೆ ನಿಂತರೆ ಬರಹ ಸುಳ್ಳಾಗುತ್ತದೆ. ಅಪಮಾನವನ್ನು ಅಮೃತದಂತೆ ಬಯಸು ಎಂದು ಮನುಸ್ಮೃತಿಯ ಎರಡನೇ ಅಧ್ಯಾಯವೂ ಹೇಳುತ್ತದೆ, ಬ್ರಾಹ್ಮಣನಿಗೆ. ಅದೇ ಗ್ರಂಥ ಶೂದ್ರನ ಹೆಸರಿನಲ್ಲೇ ತಿರಸ್ಕಾರ ಕಾಣುವಂತಿರಲಿ ಎಂದು ವಿಧಿಸುತ್ತದೆ. ಒಬ್ಬನಿಗೆ ಅಪಮಾನ ಸಾಧನೆ, ಇನ್ನೊಬ್ಬನಿಗೆ ಹುಟ್ಟಿನ ಬರೆ. ತಾನಾಗಿ ನುಂಗಿದ ನಗೆಗೂ ಬಾಯಿಗೆ ತುರುಕಿದ ನಗೆಗೂ ಇರುವ ಅಂತರ ಇದು. ಹಾಗೆ ತುರುಕಿದ್ದನ್ನು ಒಲ್ಲೆವೆಂದು 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಮುಂಬೈ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತು ಅಂಬೇಡ್ಕರ್ ಅವರ ಅಧ್ಯಕ್ಷತೆಯಲ್ಲಿ ಸೇರಿತು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿಯನ್ನು ಸುಡಲಾಯಿತು. ನಿಪ್ಪಾಣಿಯ ತಂಬಾಕಿನ ವಖಾರಿಗಳ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ಎದ್ದ ಕಥೆಯನ್ನು ದೀಪಾ ಧನರಾಜ್ ಮತ್ತು ಯುಗಾಂತರ್ ಬಳಗದವರು 1982ರಲ್ಲಿ ಚಿತ್ರ ಮಾಡಿದ್ದಾರೆ. ಅವರಿಗೂ ಯಾರಾದರೂ ‘ತಾಳಿಕೋ, ಗೀತೆಯಲ್ಲಿ ಹೇಳೈತಿ’ ಎಂದಿದ್ದರೆ ಅದು ಗೀತೆಗೇ ಅಪಮಾನ.

ಹುಟ್ಟಿನ ಬರೆಯ ಲೆಕ್ಕದಲ್ಲಿ ಅಥಣಿಯ ಮಾತೂ ಉಳಿದಿದೆ. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಯನ್ನು ಅಥಣಿ ಸೀಮೆಯ ಸಮಗಾರರೂ ತಲೆಮಾರುಗಳಿಂದ ಹೊಲಿಯುತ್ತ ಬಂದಿದ್ದಾರೆ. 2019ರಲ್ಲಿ ಅದಕ್ಕೆ ಸಿಕ್ಕ ಭೌಗೋಳಿಕ ಸೂಚಿಕೆ ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು, ಬೆಳಗಾವಿ ಅದರಲ್ಲೊಂದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅಂಥದೇ ಚಪ್ಪಲಿಯನ್ನು ಮೂಲದ ಹೆಸರು ಹೇಳದೆ ಮೆರೆಸಿದಾಗ ದೇಶವೆಲ್ಲ ನಮ್ಮ ಮಾನ ಹೋಯಿತೆಂದು ಕೂಗಿತು, ಆಮೇಲೆ ಕಂಪನಿಯೂ ಮೂಲವನ್ನು ಒಪ್ಪಿಕೊಂಡಿತು. ಕೂಗಿದ್ದು ಸರಿಯೇ. ಆದರೆ ಇಲ್ಲಿ ಒಬ್ಬನ ಮಾನ ಕಳೆಯಬೇಕೆಂದರೆ ನಾವು ಹಿಡಿಯುವುದು ಕಾಲ್ಮರಿಯನ್ನೇ, ಕೊರಳಿಗೆ ಹಾಕುವುದು ಚಪ್ಪಲಿ ಹಾರವನ್ನೇ. ಚಪ್ಪಲಿ ಕೊಲ್ಹಾಪುರಕ್ಕೂ ಮಿಲಾನಿಗೂ ಹೋಗಿ ಮಾನ ಪಡೆಯಿತು. ಹೊಲಿದ ಕೈ ಊರಲ್ಲೇ ಏಕವಚನದಲ್ಲಿ ಉಳಿಯಿತು.

ಮದುವೆ ಹಂಗಾಮಿನಲ್ಲಿ ಅಥಣಿಗೆ ಚಪ್ಪಲಿ ಕೊಳ್ಳಲು ಹೋಗುವವರು ಹೊಲಿದವರ ಹೆಸರು ಕೇಳಿ, ‘ರೀ’ ಹಚ್ಚಿ ಮಾತಾಡಿಸಿ. ಮಾನಪಾನದ ಪಟ್ಟಿಯಲ್ಲಿ ಆ ಹೆಸರನ್ನೂ ಬರೆಯಿರಿ.