ದೊಡ್ಡಾಯಿಗೆ ಎಲ್ಲಿಂದ ಬಂತು?

ಭಟ್ಕಳ, ಹೊನ್ನಾವರ, ಕುಮಟಾದ ಕಡೆ ದೊಡ್ಡ ಕಾಯಿಲೆ ಅಂದರೆ ಮಣಿಪಾಲದ ದಾರಿ. ಕುಮಟಾದ ನನ್ನ ದೊಡ್ಡಾಯಿ ಆ ದಾರಿ ಹಿಡಿಯುವಾಗ ಹೊತ್ತು ಮೀರಿತ್ತು. ಬಿಳಿಸೆರಗೆಂದು ವರ್ಷಗಟ್ಟಲೆ ಕಷಾಯ ಕುಡಿದಿದ್ದಳು. ಆಗಿದ್ದದ್ದು ಗರ್ಭಕಂಠದ ಕ್ಯಾನ್ಸರ್. ಇದರ ಮೂಲ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಸ್ಸು ಎಂದು ತಿಳಿದ ಮೇಲೆ ಮನೆಯಲ್ಲಿ ಪಿಸುಮಾತು ಶುರುವಾಯಿತು: "ಗಂಡನನ್ನು ಬಿಟ್ಟು ಬೇರೆ ಕಂಡವಳಲ್ಲ, ಎಲ್ಲಿಂದ ಬಂತು?"

ಈ ಪ್ರಶ್ನೆ ಹಳೆಯದು. ಇಟಲಿಯ ವೈದ್ಯ ರಿಗೋನಿ-ಸ್ಟೆರ್ನ್ 1842ರಲ್ಲಿ ವೆರೋನಾ ನಗರದ ಮರಣದಾಖಲೆಗಳನ್ನು ಲೆಕ್ಕಹಾಕಿದ. ಗರ್ಭಕೋಶದ ಕ್ಯಾನ್ಸರ್ ಗೃಹಿಣಿಯರಲ್ಲಿ, ವಿಧವೆಯರಲ್ಲಿ ಹೆಚ್ಚು, ಸನ್ಯಾಸಿನಿಯರಲ್ಲಿ ವಿರಳ. ಲೆಕ್ಕದಲ್ಲಿ ಹುರುಳಿತ್ತು, ಆದರೆ ರೋಗಕ್ಕೂ ಶೀಲಕ್ಕೂ ಗಂಟು ಹಾಕುವವರಿಗೆ ಇಂಥ ಲೆಕ್ಕವೇ ಸಾಕು. ನಿಜವಾದ ಕಾರಣ ಸಿಗಲು ಶತಮಾನಕ್ಕೂ ಹೆಚ್ಚು ಬೇಕಾಯಿತು. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ 1983ರಲ್ಲಿ ಎಚ್‌ಪಿವಿ 16, ಮರುವರ್ಷ 18 ಎಂಬ ಬಗೆಗಳನ್ನು ಗುರುತಿಸಿದರು. ಗರ್ಭಕಂಠದ ಕ್ಯಾನ್ಸರಿನಲ್ಲಿ ಸುಮಾರು ಶೇ. 70ಕ್ಕೆ ಇವೆರಡೇ ಕಾರಣ. 2008ರಲ್ಲಿ ಅವರಿಗೆ ನೊಬೆಲ್ ಬಂತು.

ಆ ಸಂಶೋಧನೆ ಶೀಲದ ಲೆಕ್ಕವನ್ನೇ ಕೆಡಿಸಿತು. ದಾಂಪತ್ಯ ನಡೆಸುವ ಬಹುಪಾಲು ಹೆಣ್ಣು-ಗಂಡುಗಳಿಗೆ ಬದುಕಿನಲ್ಲಿ ಒಮ್ಮೆಯಾದರೂ ಈ ಸೋಂಕು ತಗಲುತ್ತದೆ. ಒಬ್ಬನೇ ಗಂಡ ಸಾಕು. ತಂದವನಿಗೂ ತಂದದ್ದು ಗೊತ್ತಿರುವುದಿಲ್ಲ. ಹತ್ತರಲ್ಲಿ ಒಂಬತ್ತು ಸೋಂಕುಗಳು ಎರಡು ವರ್ಷದೊಳಗೆ ತಾವಾಗಿ ಹೋಗುತ್ತವೆ.

ಉಳಿಯುವ ಒಂದು ಏಕೆ ಉಳಿಯುತ್ತದೆ? ಈ ವೈರಸ್ಸು ರಕ್ತಕ್ಕೆ ಇಳಿಯುವುದಿಲ್ಲ. ಒಳಪೊರೆಯ ತಳದ ಕೋಶಗಳಲ್ಲಿ, ಅವನ್ನು ಕೊಲ್ಲದೆ, ಉರಿಯೂತ ಎಬ್ಬಿಸದೆ ಅಡಗುತ್ತದೆ. ಗದ್ದಲವಿಲ್ಲದ ಕಡೆ ದೇಹದ ಕಾವಲುಗಾರರು ಬರುವುದು ತಡ. ರೋಗನಿರೋಧಕ ಶಕ್ತಿ ಕುಂದಿದ್ದರೆ, ಬೀಡಿ-ಸಿಗರೇಟಿನ ಅಭ್ಯಾಸವಿದ್ದರೆ ಅದಕ್ಕೆ ಇನ್ನೂ ಅನುಕೂಲ. ಹಾಗೆ ಉಳಿದದ್ದು ಕ್ಯಾನ್ಸರಾಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು.

ಅಷ್ಟು ವರ್ಷಗಳ ಅವಕಾಶ! ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 30ರಿಂದ 49ರ ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ಶೇ. 1.9 ಮಾತ್ರ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ರೋಗಿಗಳ ಲೆಕ್ಕ ಇಡುತ್ತಿದೆ. ಆರಂಭದಲ್ಲಿ ಹೆಂಗಸರಲ್ಲಿ ಗರ್ಭಕಂಠದ್ದೇ ಮೊದಲಿತ್ತು; ಆಮೇಲೆ ಅದು ಇಳಿಯಿತು. ನಮ್ಮ ಕರಾವಳಿಯ ದೊಡ್ಡಾಯಂದಿರು ಆ ನಗರದ ಲೆಕ್ಕದಲ್ಲಿಲ್ಲ.

ಈಗ ಲಸಿಕೆಯಿದೆ, ಪರೀಕ್ಷೆಯಿದೆ. ಮೊನ್ನೆ ಅಕ್ಕ ತಪಾಸಣೆಗೆ ಹೊರಟಾಗ ಮನೆಯಲ್ಲಿ ಯಾರೋ ಕೇಳಿದರು, "ನಿನಗೇನಾಗಿದೆ?" "ಏನೂ ಆಗಿಲ್ಲ, ಅದಕ್ಕೇ ಹೋಗುತ್ತಿದ್ದೇನೆ" ಎಂದಳು.