‘ಸರ್ವರ್ ಇಲ್ಲ, ನಾಳೆ ಬನ್ನಿ’: ನಿಜಕ್ಕೂ ಕೈಕೊಟ್ಟಿದ್ದು ಯಾವುದು?

ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಆವನಿ ಹೊರಗಿನವರಿಗೆ ಗೊತ್ತಿರುವುದು ರಾಮಲಿಂಗೇಶ್ವರ ದೇವಾಲಯಗಳಿಂದ, ಬೆಟ್ಟದ ಮೇಲಿನ ಸೀತೆಯ ಗುಡಿಯಿಂದ. ಸುತ್ತಲಿನ ಹಳ್ಳಿಯವರಿಗೆ ಅದು ಹೋಬಳಿ ಕೇಂದ್ರವೂ ಹೌದು. ಜಾತಿ, ಆದಾಯ ಪ್ರಮಾಣಪತ್ರ ಬೇಕು ಅಂದ್ರೆ ನಾಡಕಚೇರಿಗೆ ಬರಬೇಕು. ಕೂಲಿ ಬಿಟ್ಟು ಬಂದವರಿಗೆ ರಾಜ್ಯದ ಯಾವ ಹೋಬಳಿಯಲ್ಲಾದರೂ ಒಂದಲ್ಲ ಒಂದು ದಿನ ಸಿಗುವ ಉತ್ತರ: ‘ಸರ್ವರ್ ಇಲ್ಲ, ನಾಳೆ ಬನ್ನಿ’.

ಮಳೆ ಬಂತು, ಕರೆಂಟು ಹೋಯ್ತು ಅನ್ನುವ ಧಾಟಿಯಲ್ಲೇ ಈ ಮಾತನ್ನೂ ಹೇಳಲಾಗುತ್ತದೆ. ಆದರೆ ಸರ್ವರ್ ನಿಲ್ಲುವುದು ಪ್ರಕೃತಿ ವಿಕೋಪ ಅಲ್ಲ. ಹಲವು ಸಲ ಸರ್ವರ್ ಚೆನ್ನಾಗಿಯೇ ಇರುತ್ತದೆ, ಅದಕ್ಕೆ ಹೋಗುವ ದಾರಿ ತಪ್ಪಿರುತ್ತದೆ. ಆ ದಾರಿಯ ಮುಖ್ಯ ತಿರುವೇ ಲೋಡ್ ಬ್ಯಾಲೆನ್ಸರ್.

ಏನಿದು ಲೋಡ್ ಬ್ಯಾಲೆನ್ಸರ್?

ನಾಲ್ಕು ಕೌಂಟರ್ ಇರುವ ಕಚೇರಿಯ ಬಾಗಿಲಲ್ಲಿ ಒಬ್ಬರು ನಿಂತು ‘ನೀವು ಒಂದನೇ ಕೌಂಟರ್, ನೀವು ಮೂರನೇದು’ ಎಂದು ಜನರನ್ನು ಹಂಚಿದರೆ ಹೇಗೋ ಹಾಗೆ. ಲಕ್ಷಾಂತರ ಜನರ ಮನವಿಗಳನ್ನು ಹಲವು ಸರ್ವರ್‌ಗಳಿಗೆ ಹಂಚುವುದು ಇದರ ಕೆಲಸ. 2021ರ ಏಪ್ರಿಲ್ 28ರಂದು 18-44 ವಯಸ್ಸಿನವರಿಗೆ ಲಸಿಕೆ ನೋಂದಣಿ ತೆರೆದಾಗ ಕೋವಿನ್‌ಗೆ ಆರಂಭದಲ್ಲಿ ನಿಮಿಷಕ್ಕೆ ಸುಮಾರು 27 ಲಕ್ಷ ಮನವಿಗಳು ಬಂದಿದ್ದವು. ಅಷ್ಟನ್ನು ಒಂದೇ ಯಂತ್ರ ತಾಳುವುದಿಲ್ಲ.

ಮೊದಲು ಇದಕ್ಕೆ ಪ್ರತ್ಯೇಕ ಪೆಟ್ಟಿಗೆಯೇ ಬೇಕಿತ್ತು. ಈಗ ದೊಡ್ಡ ಯಂತ್ರವೊಂದರೊಳಗೆ ಸಾಫ್ಟ್‌ವೇರ್ ರೂಪದಲ್ಲಿ, ಅಂದರೆ ವರ್ಚುವಲ್ ಆಗಿ, ಕೆಲವೇ ನಿಮಿಷಗಳಲ್ಲಿ ಎಬ್ಬಿಸಬಹುದು. ಎಬ್ಬಿಸುವುದು ಸುಲಭ, ನೆಟ್‌ವರ್ಕ್‌ಗೆ ಸರಿಯಾಗಿ ಜೋಡಿಸುವುದರಲ್ಲೇ ಎಡವಟ್ಟಾಗುವುದು.

ಜೋಡಣೆಯ ಆರು ಹೆಜ್ಜೆ

1. ಕಾಣದ ಕೇಬಲ್. ವರ್ಚುವಲ್ ಯಂತ್ರಕ್ಕೆ ಕೈಯಿಂದ ಚುಚ್ಚುವ ಕೇಬಲ್ ಇರಲ್ಲ. ಅದರ ನೆಟ್‌ವರ್ಕ್ ಕಾರ್ಡನ್ನು ಯಾವ ವಿಎಲ್ಎಎನ್‌ಗೆ ಸೇರಿಸಬೇಕು ಎಂದು ಸೆಟ್ಟಿಂಗ್‌ನಲ್ಲಿ ಹೇಳಬೇಕು. ಒಂದು ಅಂಕಿ ತಪ್ಪಿದರೂ ಯಂತ್ರ ಓಡುತ್ತಿರುತ್ತದೆ, ಆದರೆ ಯಾರಿಗೂ ಕಾಣುವುದಿಲ್ಲ.

2. ಆಡಳಿತದ ವಿಳಾಸ. ಆರಂಭದಲ್ಲಿ ನೆಟ್‌ವರ್ಕೇ ಇಲ್ಲದ್ದರಿಂದ ಕನ್ಸೋಲ್ ಪರದೆಯಲ್ಲೇ ಕೂತು ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಡಿಎನ್ಎಸ್ ತುಂಬಬೇಕು. ಉದಾಹರಣೆಗೆ ವಿಳಾಸ 10.20.5.10/24, ಗೇಟ್‌ವೇ 10.20.5.1. ಅದೇ ವಿಳಾಸ ಬೇರೆ ಯಂತ್ರಕ್ಕೂ ಇದ್ದರೆ ಎರಡೂ ಆಗಾಗ ಮಾಯವಾಗುತ್ತವೆ. ಈ ಆಡಳಿತದ ಬಾಗಿಲು ಸಾರ್ವಜನಿಕರಿಗೆ ಕಾಣಲೇಬಾರದು.

3. ಜನರ ವಿಳಾಸ. ಪೋರ್ಟಲ್ ಹೆಸರು ಟೈಪ್ ಮಾಡಿದಾಗ ತಲುಪುವುದು ವರ್ಚುವಲ್ ಐಪಿಗೆ. ಇದಕ್ಕಾಗಿ ಫೈರ್‌ವಾಲ್‌ನಲ್ಲಿ 443ನೇ ಪೋರ್ಟ್ ತೆರೆದಿರಬೇಕು. ಹಿಂದಿರುವ ಸರ್ವರ್‌ಗಳು ಖಾಸಗಿ ವಿಳಾಸದಲ್ಲೇ ಉಳಿಯಬೇಕು.

4. ವಾಪಸ್ ದಾರಿ. ಹೊಸ ಜೋಡಣೆಯಲ್ಲಿ ತುಂಬಾ ಕಾಡುವ ತಪ್ಪು ಇದೇ. ಮನವಿ ಬ್ಯಾಲೆನ್ಸರ್ ಮೂಲಕ ಸರ್ವರ್‌ಗೆ ಹೋಗುತ್ತದೆ, ಉತ್ತರ ಬೇರೆ ಗೇಟ್‌ವೇಯಿಂದ ಹೊರಡುತ್ತದೆ. ಕೇಳಿದ್ದು ಒಬ್ಬರನ್ನ, ಉತ್ತರ ಕೊಟ್ಟಿದ್ದು ಇನ್ಯಾರೋ ಅಂತ ನಿಮ್ಮ ಕಂಪ್ಯೂಟರ್ ಅದನ್ನು ಬಿಸಾಡುತ್ತದೆ. ಪರದೆಯಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ. ಪರಿಹಾರ ಎರಡು: ಸರ್ವರ್‌ಗಳ ಗೇಟ್‌ವೇ ಬ್ಯಾಲೆನ್ಸರ್ ಕಡೆಗೇ ಇರುವಂತೆ ಮಾಡುವುದು, ಇಲ್ಲವೇ ಬ್ಯಾಲೆನ್ಸರ್ ತನ್ನದೇ ವಿಳಾಸದಿಂದ ಮನವಿ ಕಳಿಸುವುದು. ಎರಡನೆಯದರಲ್ಲಿ ಸರ್ವರ್‌ಗೆ ಎಲ್ಲರೂ ಒಬ್ಬರೇ ಆಗಿ ಕಾಣುತ್ತಾರೆ. ಹಾಗಾಗಿ ಮೂಲ ವಿಳಾಸವನ್ನು ಹೆಡರ್‌ನಲ್ಲಿ ಸೇರಿಸಿ ದಾಖಲಿಸಲೇಬೇಕು. ಇಲ್ಲದಿದ್ದರೆ ದಾಳಿ ನಡೆದರೂ ಎಲ್ಲಿಂದ ಅಂತ ಹುಡುಕೋದು ಕಷ್ಟ.

5. ಆರೋಗ್ಯ ತಪಾಸಣೆ. ಸರ್ವರ್ ಪಿಂಗ್‌ಗೆ ಉತ್ತರಿಸಿದರೆ ಸಾಲದು, ಅದು ‘ಉಸಿರಾಡ್ತಿದೆ’ ಎಂದಷ್ಟೇ ಅರ್ಥ. ಡೇಟಾಬೇಸ್ ಮುಟ್ಟುವ ನಿಜವಾದ ಒಂದು ಪುಟ ತೆರೆಯುತ್ತದೆಯೇ ಎಂದು ಕೆಲವು ಸೆಕೆಂಡಿಗೊಮ್ಮೆ ನೋಡಬೇಕು. ಕೆಟ್ಟ ಸರ್ವರ್‌ಗೆ ಜನರನ್ನು ಕಳಿಸುವುದು ನಿಲ್ಲುವುದು ಆಗಲೇ.

6. ಜೋಡಿ ಮತ್ತು ಪರೀಕ್ಷೆ. ಬಾಗಿಲಲ್ಲಿ ನಿಂತವರೇ ಕುಸಿದರೆ? ಅದಕ್ಕೇ ಬ್ಯಾಲೆನ್ಸರ್ ಎರಡಿರಬೇಕು, ಅದೂ ಬೇರೆ ಬೇರೆ ಭೌತಿಕ ಯಂತ್ರಗಳ ಮೇಲೆ. ಒಂದು ಬಿದ್ದರೆ ವರ್ಚುವಲ್ ಐಪಿ ಇನ್ನೊಂದಕ್ಕೆ ದಾಟಬೇಕು. ವರ್ಚುವಲ್ ಸ್ವಿಚ್‌ನ ಭದ್ರತಾ ನಿಯಮ ಕೆಲವೊಮ್ಮೆ ಈ ದಾಟುವಿಕೆಯನ್ನೇ ತಡೆಯುತ್ತದೆ. ಹಾಗಾಗಿ ಜನರಿಗೆ ತೆರೆಯುವ ಮೊದಲೇ ಒಂದನ್ನು ಬೇಕಂತಲೇ ಆರಿಸಿ ನೋಡಬೇಕು.

ಇದೊಂದೇ ಸಾಕಾ?

ಸಾಲದು. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ಪೋರ್ಟಲ್ ಕುಂಟಿದಾಗ, ನಕಲಿ ಖಾತೆಗಳಿಂದ ಮನವಿಗಳ ಸುರಿಮಳೆ ಸುರಿಸಿ ದಾಳಿ ಮಾಡಲಾಗಿದೆ ಎಂದು ಸರ್ಕಾರ ಹೇಳಿತು, ಪೊಲೀಸ್ ದೂರೂ ದಾಖಲಾಯಿತು. ಸುಳ್ಳು ಹೊರೆಯನ್ನು ಹಂಚಿದರೂ ಅದು ಹೊರೆಯೇ. ಅದನ್ನು ಬಾಗಿಲಲ್ಲೇ ತಡೆಯಲು ಒಬ್ಬರಿಂದ ಬರುವ ಮನವಿಗಳಿಗೆ ಮಿತಿ ಹಾಕಬೇಕು, ಬೇರೆ ರಕ್ಷಣಾ ವ್ಯವಸ್ಥೆಯೂ ಬೇಕು.

ಇನ್ನೊಂದು ತುದಿಯನ್ನೂ ಮರೆಯಬಾರದು. ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ ಎಲ್ಲ ಸರಿಯಿದ್ದರೂ ಹೋಬಳಿ ಕಚೇರಿಯ ಲೈನ್ ಕಡಿದಿದ್ದರೆ ಅಲ್ಲಿನವರ ಪಾಲಿಗೆ ಅದೂ ‘ಸರ್ವರ್ ಇಲ್ಲ’ವೇ.

ಗಡಿಯಾರ ಶುರುವಾಗೋದು ಯಾವಾಗ?

2011ರ ಸೇವಾ ಖಾತರಿ ಕಾಯ್ದೆ, ಅಂದರೆ ‘ಸಕಾಲ’, ನಿಗದಿತ ದಿನದೊಳಗೆ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೊಡುತ್ತದೆ. ಆದರೆ ದಿನದ ಎಣಿಕೆ ನಡೆಯುವುದು ಅರ್ಜಿ ಸ್ವೀಕಾರವಾಗಿ ಸಕಾಲ ಸಂಖ್ಯೆ ಸಿಕ್ಕ ಮೇಲೆ. ಸರ್ವರ್ ಇಲ್ಲದೆ ಅರ್ಜಿಯೇ ಹತ್ತದಿದ್ದರೆ? ಆ ದಿನ, ಆ ಕೂಲಿ, ಆ ಬಸ್ ಚಾರ್ಜು ಯಾವ ಲೆಕ್ಕಕ್ಕೂ ಬರುವುದಿಲ್ಲ. ಕಡತದ ಪ್ರಕಾರ ವಿಳಂಬವೇ ಆಗಿಲ್ಲ!

ಇಲ್ಲಿ ನಾವು ಮಾಡಬಹುದಾದ್ದಿದೆ. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಐಪಿ ವಿಳಾಸ, ನೆಟ್‌ವರ್ಕ್ ನಕ್ಷೆ ಕೇಳಬೇಡಿ, ಅವು ಗುಟ್ಟಾಗಿರಬೇಕಾದವೇ. ಕೇಳಬೇಕಾದ್ದು ಇಷ್ಟು: ಕಳೆದ ಆರು ತಿಂಗಳಲ್ಲಿ ಈ ಸೇವೆ ಎಷ್ಟು ಗಂಟೆ ನಿಂತಿತ್ತು? ಪ್ರತಿ ಸಲ ದಾಖಲಾದ ಕಾರಣವೇನು? ಬದಲಿ ವ್ಯವಸ್ಥೆಯನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವ ದಿನ? ನಿರ್ವಹಣೆಯ ಗುತ್ತಿಗೆಯಲ್ಲಿ ದಂಡದ ಷರತ್ತು ಇದ್ದರೆ ಎಷ್ಟು ವಸೂಲಾಗಿದೆ?

ಕೌಂಟರ್‌ನಲ್ಲಿ ಕೂತಿರುವ ಆಪರೇಟರ್ ಮೇಲೆ ರೇಗಿ ಪ್ರಯೋಜನವಿಲ್ಲ, ಅವರ ಮುಂದೆಯೂ ಸುತ್ತುತ್ತಿರುವುದು ಅದೇ ಚಕ್ರ. ‘ಸರ್ವರ್ ಇಲ್ಲ’ ಅಂದಾಗ ತಲೆಯಾಡಿಸಿ ವಾಪಸ್ ಬರುವ ಬದಲು, ಅದನ್ನು ಜೋಡಿಸಿದವರನ್ನೂ ಅದಕ್ಕೆ ದುಡ್ಡು ಕೊಟ್ಟವರನ್ನೂ ಕೇಳೋಣ: ಏನು ಇಲ್ಲ, ಎಷ್ಟು ಹೊತ್ತಿಂದ ಇಲ್ಲ, ಯಾಕೆ ಇಲ್ಲ?