ವಿವಾಹಿತ ಡೀಕನ್

ಮದುವೆಯಾಗಿದ್ದು ಜೀವನಪರ್ಯಂತ, ಗುರುವಿನ (ಪಾದ್ರಿಯ) ಪದವಿಗಿಂತ ಕೆಳಗಿನ ಡೀಕನ್ ಪದವಿಯಲ್ಲೇ ಸೇವೆ ಸಲ್ಲಿಸುವ ಕಥೋಲಿಕ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಅನುಮತಿಸಿದ ಈ ಪದವಿಗೆ ಪೋಪ್ ಆರನೆಯ ಪೌಲರು 1967ರಲ್ಲಿ ನಿಯಮ ರೂಪಿಸಿದರು. ಭಾರತದಲ್ಲಿ ಇಂಥವರು ವಿರಳ. ಮುಂಬೈ ಮಹಾಧರ್ಮಪ್ರಾಂತ್ಯದಲ್ಲಿ ಕೆಲವರಿದ್ದಾರೆ.

ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಡೀಕನ್ ಸೇವೆಗೆ ತನಗೆ ಕರೆಯಿದೆಯೇ ಎಂದು ಪರಿಶೀಲಿಸುವವನು ಮೊದಲು ತನ್ನ ಸಭೆಯ ಕಾನೂನು ತಿಳಿಯಬೇಕು. ಇಲ್ಲಿ ಮಂಗಳೂರು ಧರ್ಮಪ್ರಾಂತ್ಯದ ಲ್ಯಾಟಿನ್ ಕಥೋಲಿಕರಿದ್ದಾರೆ. ಕೇರಳದಿಂದ ಬಂದು ನೆಲೆಸಿದ ಸಿರೋ-ಮಲಬಾರ್ ಮತ್ತು ಸಿರೋ-ಮಲಂಕರ ಎಂಬ ಪೂರ್ವ ಸಭೆಗಳ ಕುಟುಂಬಗಳೂ ಇವೆ. 2010ರಲ್ಲಿ ಸ್ಥಾಪನೆಯಾದ ಪುತ್ತೂರು ಧರ್ಮಪ್ರಾಂತ್ಯ ಮಲಂಕರ ಸಭೆಯದು. ಲ್ಯಾಟಿನ್ ಕಾನೂನಿನಂತೆ ವಿವಾಹಿತನಿಗೆ ಕನಿಷ್ಠ 35 ವರ್ಷ ತುಂಬಿರಬೇಕು, ಪತ್ನಿಯ ಒಪ್ಪಿಗೆ ಬೇಕು. ಪೂರ್ವ ಸಭೆಗಳಲ್ಲಿ ಆ ಒಪ್ಪಿಗೆ ಲಿಖಿತವಾಗಿರಬೇಕು. ಇದು ಬರೀ ಸಹಿಯ ಮಾತಲ್ಲ. ದೀಕ್ಷೆಯ ನಂತರ ಪತ್ನಿ ತೀರಿಕೊಂಡರೆ ಮರುಮದುವೆಗೆ ಸಾಮಾನ್ಯವಾಗಿ ಅವಕಾಶವಿಲ್ಲವಾದ್ದರಿಂದ, ಚಿಕ್ಕ ಮಕ್ಕಳಿರುವ ದಂಪತಿ ಇದನ್ನು ಕೂತು ಮಾತಾಡಲೇಬೇಕು.

ಡೀಕನ್ ಸುವಾರ್ತೆ ಓದಿ ಪ್ರಬೋಧಿಸಬಹುದು. ಬಲಿಪೂಜೆ ಅರ್ಪಿಸುವಂತಿಲ್ಲ, ಪಾಪನಿವೇದನೆ ಕೇಳುವಂತಿಲ್ಲ. ಲ್ಯಾಟಿನ್ ಡೀಕನ್ ಮದುವೆ ನಡೆಸಬಹುದು, ಆದರೆ ವಧೂವರರಲ್ಲಿ ಒಬ್ಬರು ಪೂರ್ವ ಸಭೆಯವರಾದರೂ ಗುರುವಿನ ಆಶೀರ್ವಾದವೇ ಬೇಕೆಂದು 2016ರಲ್ಲಿ ಪೋಪ್ ಫ್ರಾನ್ಸಿಸ್ ಸ್ಪಷ್ಟಪಡಿಸಿದರು. ಮೂರೂ ಸಭೆಗಳು ಅಕ್ಕಪಕ್ಕದಲ್ಲಿರುವ ಈ ಊರುಗಳಿಗೆ ಆ ನಿಯಮ ನೇರವಾಗಿ ತಟ್ಟುತ್ತದೆ.